ಪಾರ್ಕಿಂಗ್ ಡೆಕ್ಕಿನ ಕೋಟಿಂಗ್ ಎದ್ದಿದೆ: ಮೇಲೆ ಇನ್ನೊಂದು ಕೋಟ್ ಹೊಡೆದರೆ ಸಾಕೇ?

ಪ್ರಶ್ನೆ: ನಮ್ಮದು ಬೆಂಗಳೂರಿನ ವೈಟ್‌ಫೀಲ್ಡ್ ಕಡೆಯ ಅಪಾರ್ಟ್‌ಮೆಂಟ್. ಕಟ್ಟಿ ಹನ್ನೊಂದು ವರ್ಷವಾಯಿತು. ಪೋಡಿಯಂ ಮೇಲೆ ತೆರೆದ ಪಾರ್ಕಿಂಗ್ ಇದೆ, ಅದರ ಕೆಳಗೆ ಬೇಸ್‌ಮೆಂಟ್ ಪಾರ್ಕಿಂಗ್. ಡೆಕ್ ಸುಮಾರು 10,000 ಚದರ ಅಡಿ. ಮೂರು ವರ್ಷದ ಹಿಂದೆ ಅದಕ್ಕೆ ಪಾಲಿಯುರೆಥೇನ್ (ಪಿಯು) ಕೋಟಿಂಗ್ ಮಾಡಿಸಿದೆವು. ಎರಡನೇ ಮಳೆಗಾಲಕ್ಕೇ ಗುಳ್ಳೆ ಬಂತು. ಈಗ ಹಾಳೆ ಹಾಳೆಯಾಗಿ ಎದ್ದು ಬರುತ್ತಿದೆ. ಕೆಳಗೆ ನಿಂತ ಕಾರುಗಳ ಮೇಲೆ ಬಿಳಿ ನೀರು ತೊಟ್ಟಿಕ್ಕುತ್ತಿದೆ. ಮೂರು ಕೊಟೇಶನ್ ತರಿಸಿದ್ದೇವೆ. ಎದ್ದದ್ದನ್ನು ಮಾತ್ರ ಕೆರೆದು ಮೇಲೆ ಹೊಸ ಕೋಟ್ ಹೊಡೆಯುತ್ತೇನೆ ಅನ್ನುತ್ತಾರೆ ಒಬ್ಬರು. ಪೂರ್ತಿ ಕಿತ್ತು ಹೊಸದಾಗಿ ಪಿಯು ಮಾಡಬೇಕು ಅನ್ನುತ್ತಾರೆ ಇನ್ನೊಬ್ಬರು. ಮೂರನೆಯವರು ಪಾಲಿಯುರಿಯಾ ಸ್ಪ್ರೇ ಹೇಳುತ್ತಿದ್ದಾರೆ. ಗಣೇಶನ ಹಬ್ಬದ ಪೆಂಡಾಲ್ ಹಾಕುವುದು ಇದೇ ಜಾಗದಲ್ಲಿ. ಅದಕ್ಕೆ ಮೊದಲು ಕೆಲಸ ಮುಗಿಯಲಿ ಎಂದು ಕಮಿಟಿಯವರ ಆಸೆ. ಯಾವುದಕ್ಕೆ ಒಪ್ಪಿಗೆ ಕೊಡೋಣ, ಸರ್?

ಉತ್ತರ: ಸದ್ಯಕ್ಕೆ ಮೂರಕ್ಕೂ ಒಪ್ಪಿಗೆ ಕೊಡಬೇಡಿ. ಮೂರು ಕೊಟೇಶನ್ನೂ ಯಾವ ಮಾಲು ಹಾಕಬೇಕು ಎಂದು ಹೇಳುತ್ತಿವೆ. ಹಳೆಯದು ಯಾಕೆ ಎದ್ದಿತು ಎಂದು ಒಂದೂ ಹೇಳುತ್ತಿಲ್ಲ. ಆ ಉತ್ತರ ಸಿಗದೆ ಎಷ್ಟು ದುಬಾರಿ ಮಾಲು ತಂದರೂ ಅದು ಅದೇ ನೆಲದ ಮೇಲೆ ಕೂರಬೇಕು, ಅಲ್ವಾ? ಒಳ್ಳೆಯ ಪಿಯು ಮಾಲು ಎರಡು ಮಳೆಗಾಲಕ್ಕೆ ಸಾಯುವುದಿಲ್ಲ. ಅದು ನೆಲವನ್ನು ಸರಿಯಾಗಿ ಹಿಡಿದೇ ಇರುವುದಿಲ್ಲ, ಅಷ್ಟೇ. ನಾನು ನೋಡಿದ ಡೆಕ್‌ಗಳಲ್ಲಿ ಕೋಟಿಂಗ್ ಹಾಳಾದದ್ದು ಬಕೆಟ್‌ನೊಳಗಿನ ಮಾಲಿನಿಂದ ಕಡಿಮೆ, ಬಕೆಟ್ ಮುಚ್ಚಳ ತೆಗೆಯುವ ಮೊದಲು ಮಾಡಬೇಕಿದ್ದ ಕೆಲಸ ಬಿಟ್ಟಿದ್ದರಿಂದಲೇ ಜಾಸ್ತಿ.

ಹಬ್ಬದ ವಿಷಯ ಮೊದಲು ಮುಗಿಸೋಣ. ಈ ಕೆಲಸ ಗಣೇಶನ ಹಬ್ಬದೊಳಗೆ ಆಗುವುದಿಲ್ಲ, ಆಗಲೂಬಾರದು. ಬೆಂಗಳೂರಿನಲ್ಲಿ ಜಾಸ್ತಿ ಮಳೆ ಬೀಳುವುದು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಅದಕ್ಕೆ ಮುಂಚಿನ ಮಳೆ ತಿಂಗಳುಗಳಲ್ಲೂ ಸ್ಲ್ಯಾಬ್ ಒಣಗುವುದಿಲ್ಲ. ತೆರೆದ ಡೆಕ್ ಕೋಟಿಂಗ್‌ಗೆ ನಮ್ಮ ಊರಿನ ಸರಿಯಾದ ಕಾಲ ಜನವರಿಯಿಂದ ಮಾರ್ಚ್. ಏಪ್ರಿಲ್ ಬಂತೆಂದರೆ ಸಂಜೆ ಮಳೆ ಶುರುವಾಗುತ್ತದೆ. ಹಾಗಾಗಿ ಈಗ ಪರೀಕ್ಷೆಗಳನ್ನು ಮಾಡಿಸಿ, ಡಿಸೆಂಬರ್‌ನಲ್ಲಿ ಹಳೆಯದನ್ನು ಕೀಳಲು ಶುರು ಮಾಡಿ.

ಪೆಂಡಾಲ್ ಬಗ್ಗೆಯೂ ಒಂದು ಪ್ರಶ್ನೆ ಇದೆ. ಕಂಬ ನಿಲ್ಲಿಸಲು ಡೆಕ್‌ಗೆ ಡ್ರಿಲ್ ಮಾಡುತ್ತೀರಾ? ಕಾರ್ ಸ್ಟಾಪರ್, ಬೊಲಾರ್ಡ್ (ವಾಹನ ತಡೆಯುವ ಗಿಡ್ಡ ಕಂಬ), ಇವಿ ಚಾರ್ಜರ್ ಸ್ಟ್ಯಾಂಡ್‌ಗೆಲ್ಲ ಆಂಕರ್ ಬೋಲ್ಟ್ ಹೊಡೆದಿದ್ದೀರಾ? ಒಂದೊಂದು ಬೋಲ್ಟೂ ಪದರಕ್ಕೆ ಬಿದ್ದ ತೂತು. ಈ ವರ್ಷ ಮರಳು ಮೂಟೆ ಇಟ್ಟೋ ಕಾಂಕ್ರೀಟ್ ಬ್ಲಾಕ್ ಇಟ್ಟೋ ಕಂಬ ನಿಲ್ಲಿಸಿ. ಮುಂದೆಯೂ ಹಾಗೆಯೇ ಮಾಡಿ.

ಇನ್ನು ಬಿಳಿ ನೀರು. ಮಳೆನೀರು ಸ್ಲ್ಯಾಬ್ ಒಳಗೆ ಇಳಿಯುವಾಗ ಸಿಮೆಂಟಿನಲ್ಲಿರುವ ಸುಣ್ಣವನ್ನು ಕರಗಿಸಿಕೊಂಡು ಬರುತ್ತದೆ. ಕೆಳಗೆ ಗಾಳಿಯ ಇಂಗಾಲದ ಡೈಆಕ್ಸೈಡ್ ಸಿಕ್ಕಾಗ ಅದು ಕ್ಯಾಲ್ಸಿಯಂ ಕಾರ್ಬೊನೇಟ್ ಆಗಿ ಗಟ್ಟಿಯಾಗುತ್ತದೆ. ಬೇಸ್‌ಮೆಂಟ್ ಸೀಲಿಂಗ್‌ನಿಂದ ಬಿಳಿ ಕಡ್ಡಿಗಳು ಇಳಿಬಿದ್ದಿರುವುದನ್ನು ನೀವೂ ನೋಡಿರುತ್ತೀರಿ. ಆ ನೀರು ಜೋರು ಕ್ಷಾರ. ಕಾರಿನ ಪೇಂಟ್ ಮೇಲೆ ಒಣಗಿದರೆ ಕಲೆ ಶಾಶ್ವತವಾಗಿ ಕೂರುತ್ತದೆ. ಆದರೆ ಕಾರಿನ ಪೇಂಟ್ ಇಲ್ಲಿ ಚಿಕ್ಕ ವಿಷಯ. ಸುಣ್ಣ ತೊಳೆದುಹೋದ ದಾರಿಯಲ್ಲೇ ನೀರೂ ಗಾಳಿಯೂ ಕಂಬಿಯ ತನಕ ತಲುಪುತ್ತವೆ. ಕಾಂಕ್ರೀಟಿನ ಕ್ಷಾರ ಗುಣವೇ ಕಂಬಿಗೆ ರಕ್ಷಣೆ. ಅದು ಕಡಿಮೆಯಾದಾಗ ತುಕ್ಕು ಶುರು. ತುಕ್ಕು ಮೂಲ ಕಬ್ಬಿಣಕ್ಕಿಂತ ಹಲವು ಪಟ್ಟು ಜಾಗ ತೆಗೆದುಕೊಂಡು ಕಾಂಕ್ರೀಟನ್ನು ಒಳಗಿನಿಂದಲೇ ಒಡೆಯುತ್ತದೆ.

ಪಾರ್ಕಿಂಗ್ ಡೆಕ್ ಸೋರಿಕೆಯನ್ನು ವರ್ಷಗಟ್ಟಲೆ ಸಹಿಸಿಕೊಂಡರೆ ಎಲ್ಲಿಗೆ ಮುಟ್ಟಬಹುದು ಎಂಬುದಕ್ಕೆ ಕೆನಡಾದ ಒಂಟಾರಿಯೋ ಪ್ರಾಂತ್ಯದ ಎಲಿಯಟ್ ಲೇಕ್ ಊರನ್ನು ನೋಡಬೇಕು. ಅಲ್ಲಿನ ಆಲ್ಗೋ ಸೆಂಟರ್ ಮಾಲ್‌ಗೆ ಛಾವಣಿಯ ಮೇಲೆ ಪಾರ್ಕಿಂಗ್ ಇತ್ತು. 1980ರಲ್ಲಿ ತೆರೆದಾಗಿನಿಂದಲೂ ಆ ಡೆಕ್ ಸೋರುತ್ತಿತ್ತು. ಬಕೆಟ್ ಇಟ್ಟರು, ತೇಪೆ ಹಾಕಿದರು, ಪೂರ್ತಿ ರಿಪೇರಿ ಮಾತ್ರ ಆಗಲಿಲ್ಲ. 2012ರ ಜೂನ್ 23ರಂದು ಡೆಕ್ಕಿನ ಒಂದು ಭಾಗ ಕುಸಿದು ಇಬ್ಬರು ಮಹಿಳೆಯರು ಸತ್ತರು. ತೊಲೆ ಮತ್ತು ಕಂಬ ಸೇರುವ ಉಕ್ಕಿನ ಜೋಡಣೆ ತುಕ್ಕು ಹಿಡಿದು ಸವೆದಿತ್ತು. ಚಳಿ ದೇಶದಲ್ಲಿ ರಸ್ತೆಯ ಮಂಜು ಕರಗಿಸಲು ಉಪ್ಪು ಹಾಕುತ್ತಾರೆ. ಅದು ಟೈರಿನ ಜೊತೆ ಡೆಕ್‌ಗೆ ಬಂದು ತುಕ್ಕನ್ನು ಬೇಗ ಬೆಳೆಸುತ್ತದೆ. ಬೆಂಗಳೂರಿನಲ್ಲಿ ಆ ಉಪ್ಪಿನ ಕಾಟ ಇಲ್ಲ, ನಿಮ್ಮ ಕಟ್ಟಡ ಉಕ್ಕಿನ ಚೌಕಟ್ಟಿನದೂ ಅಲ್ಲ. ನಿಮ್ಮನ್ನು ಹೆದರಿಸಲು ಇದನ್ನು ಹೇಳುತ್ತಿಲ್ಲ. ವಾಟರ್‌ಪ್ರೂಫಿಂಗ್ ಖರ್ಚನ್ನು ಸುಣ್ಣಬಣ್ಣದ ಖರ್ಚಿನ ಜೊತೆ ಸೇರಿಸಿ ಸುಮ್ನೆ ಮುಂದೂಡಬೇಡಿ ಎಂದು ಹೇಳುತ್ತಿದ್ದೇನೆ. ಇದು ಕಟ್ಟಡದ ಮೂಳೆಗೆ ಸಂಬಂಧಪಟ್ಟ ಕೆಲಸ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ನಾಳೆ ಬೆಳಿಗ್ಗೆ ಡೆಕ್‌ಗೆ ಹೋಗಿ. ಬೇರೆ ಬೇರೆ ಕಡೆಯಿಂದ ಎದ್ದ ಹಕ್ಕಳೆಗಳನ್ನು ಕಿತ್ತು, ಪ್ರತಿಯೊಂದನ್ನೂ ಮಗುಚಿ ಬೆನ್ನು ನೋಡಿ. ಹಕ್ಕಳೆಯ ಬೆನ್ನಿನಲ್ಲೇ ಅರ್ಧ ಕಾರಣ ಬರೆದಿರುತ್ತದೆ.

ಬೆನ್ನಿಗೆ ಬೂದು ಬಣ್ಣದ ಸಿಮೆಂಟ್ ಪುಡಿ ಅಂಟಿದ್ದರೆ, ಅಂಟು ಚೆನ್ನಾಗಿತ್ತು, ನೆಲವೇ ಮೆತ್ತಗಿತ್ತು ಎಂದರ್ಥ. ಕಾಂಕ್ರೀಟ್ ಹಾಕಿದಾಗ ಮೇಲಕ್ಕೆ ತೇಲಿಬಂದ ಸಿಮೆಂಟ್ ಹಾಲು ಒಣಗಿ ಒಂದು ಬಲವಿಲ್ಲದ ತೆಳುಪದರ ಆಗಿರುತ್ತದೆ. ಅದನ್ನು ಗ್ರೈಂಡ್ ಮಾಡಿ ತೆಗೆಯದೆ ಅದರ ಮೇಲೇ ಪ್ರೈಮರ್, ಅಂದರೆ ಕೋಟಿಂಗಿಗೆ ಹಿಡಿತ ಕೊಡುವ ಮೊದಲ ಪದರ, ಹೊಡೆದಿದ್ದಾರೆ. ಬೆನ್ನು ಕನ್ನಡಿಯ ಹಾಗೆ ನುಣ್ಣಗೆ ಹೊಳೆಯುತ್ತಿದ್ದರೆ ಕಾರಣ ಬೇರೆ. ಪ್ರೈಮರ್ ಕಾಂಕ್ರೀಟಿನೊಳಗೆ ಇಳಿದೇ ಇಲ್ಲ. ಎಣ್ಣೆ ಕಲೆ ಇರಬಹುದು, ಹೊಸ ಕಾಂಕ್ರೀಟ್ ಬೇಗ ಒಣಗದಿರಲಿ ಎಂದು ಹೊಡೆದ ಕ್ಯೂರಿಂಗ್ ಕಾಂಪೌಂಡ್ ಇರಬಹುದು. ನಮ್ಮ ಪೋಡಿಯಂಗಳಲ್ಲಿ ಸಾಮಾನ್ಯವಾಗಿ ಕಾಣುವುದು ಟ್ರೀಮಿಕ್ಸ್ ನೆಲ, ಅಂದರೆ ಹಸಿ ಕಾಂಕ್ರೀಟಿನ ಹೆಚ್ಚುವರಿ ನೀರನ್ನು ಪಂಪಿನಿಂದ ಹೀರಿ ತೆಗೆದ ನೆಲ. ಪವರ್ ಟ್ರೋವೆಲ್ (ತಿರುಗುವ ಕರಣೆ ಯಂತ್ರ) ಹಾಕಿ ಉಜ್ಜಿ ಉಜ್ಜಿ ಮೇಲ್ಮೈಯನ್ನು ಗಟ್ಟಿ ಮಾಡಿ ಹೊಳಪು ತರಿಸಿರುತ್ತಾರೆ. ಓಡಾಡಲು ಚೆಂದ, ಪ್ರೈಮರ್‌ಗೆ ಮಾತ್ರ ಹಿಡಿತವೇ ಇಲ್ಲ.

ಪ್ರೈಮರ್ ನೆಲದಲ್ಲೇ ಉಳಿದು ಮೇಲಿನ ಪದರ ಮಾತ್ರ ಎದ್ದಿದ್ದರೆ, ಎರಡು ಕೋಟ್‌ಗಳ ನಡುವಿನ ಅವಧಿ ಮೀರಿದೆ ಅಥವಾ ನಡುವೆ ಧೂಳು ಕೂತಿದೆ. ಒಂದು ಕೋಟ್ ಆದಮೇಲೆ ಇಷ್ಟು ಗಂಟೆಯೊಳಗೆ ಮುಂದಿನದು ಬೀಳಬೇಕು ಎಂದು ಪ್ರತಿ ಕಂಪನಿಯೂ ಡೇಟಾ ಶೀಟಿನಲ್ಲಿ ಬರೆದಿರುತ್ತದೆ. ಶುಕ್ರವಾರ ಪ್ರೈಮರ್ ಹೊಡೆದು, ಲೇಬರ್ ಇಲ್ಲ ಎಂದು ಸೋಮವಾರ ಮುಂದುವರಿಸಿದರೆ ಹೀಗೇ ಆಗುತ್ತದೆ.

ಗುಳ್ಳೆಗಳನ್ನೂ ಕುಯ್ದು ನೋಡಿ. ಒಳಗೆ ನೀರಿದ್ದರೆ ಹಸಿ ಸ್ಲ್ಯಾಬ್ ಮೇಲೆ ಕೋಟಿಂಗ್ ಆಗಿದೆ. ಬಿಸಿಲಿಗೆ ನೆಲ ಕಾದಾಗ ತೇವ ಆವಿಯಾಗಿ ಮೇಲಕ್ಕೆ ತಳ್ಳುತ್ತದೆ. ಗುಳ್ಳೆ ಒಣಗಿದ್ದು, ಪದರದೊಳಗೇ ಸಾಸಿವೆ ಗಾತ್ರದ ಸಣ್ಣ ಸಣ್ಣ ತೂತುಗಳಿದ್ದರೆ ಅನಿಲ ಹುಟ್ಟಿದೆ. ಪಾಲಿಯುರೆಥೇನ್ ಗಟ್ಟಿಯಾಗುವ ಮೊದಲು ನೀರು ಸೋಕಿದರೆ ಇಂಗಾಲದ ಡೈಆಕ್ಸೈಡ್ ಬಿಡುತ್ತದೆ. ಬೆಳಗಿನ ಹೊತ್ತು ಕೋಟಿಂಗ್ ಮಾಡಿದರೆ ಇನ್ನೊಂದು ಬಗೆಯ ತೂತೂ ಬರುತ್ತದೆ. ಬಿಸಿಲೇರಿದ ಹಾಗೆ ಕಾಂಕ್ರೀಟಿನ ರಂಧ್ರಗಳಲ್ಲಿರುವ ಗಾಳಿ ಹಿಗ್ಗಿ, ಇನ್ನೂ ಹಸಿಯಿರುವ ಪದರವನ್ನು ಚುಚ್ಚಿಕೊಂಡು ಹೊರಗೆ ಬರುತ್ತದೆ. ಅದಕ್ಕೇ ಪ್ರೈಮರನ್ನು ಮಧ್ಯಾಹ್ನ ಕಳೆದು ನೆಲ ತಣಿಯಲು ಶುರುವಾದ ಮೇಲೆ ಹೊಡೆಯುವುದು ಒಳ್ಳೆಯದು. ಆಗ ಗಾಳಿ ಕುಗ್ಗುತ್ತಾ ಪ್ರೈಮರನ್ನೂ ಒಳಗೆ ಎಳೆದುಕೊಳ್ಳುತ್ತದೆ.

ಚಕ್ರ ಓಡಾಡುವ ಎರಡು ಗೆರೆಯಲ್ಲಿ ಮಾತ್ರ ಸವೆದು ಉಳಿದ ಕಡೆ ಗಟ್ಟಿಯಾಗಿದ್ದರೆ ಸಮಸ್ಯೆ ಸಣ್ಣದು, ದಪ್ಪ ಸಾಲದು ಅಥವಾ ಮರಳು ಹಾಕಿಲ್ಲ. ನೇರ ಗೆರೆಯಲ್ಲಿ ಸೀಳಿದ್ದರೆ ಕೆಳಗೆ ಜಾಯಿಂಟ್ ಅಥವಾ ಟ್ರೀಮಿಕ್ಸ್ ನೆಲದಲ್ಲಿ ಕೊರೆದ ಗ್ರೂವ್ ಇದೆ.

ಹಕ್ಕಳೆ ನೋಡಿದ ಮೇಲೆ ಒಂದು ಸುತ್ತಿಗೆ ಹಿಡಿದು ಡೆಕ್ ಪೂರ್ತಿ ತಟ್ಟುತ್ತಾ ಹೋಗಿ. ಸರಪಳಿ ಎಳೆದರೂ ಆದೀತು. ಟೊಳ್ಳು ಸದ್ದು ಬಂದ ಕಡೆಯೆಲ್ಲ ಸೀಮೆಸುಣ್ಣದಲ್ಲಿ ಸುತ್ತು ಹಾಕಿ ಫೋಟೋ ತೆಗೆಯಿರಿ. ಟೊಳ್ಳು ಕೋಟಿಂಗ್‌ನದೋ, ಅದರ ಕೆಳಗೆ ಸ್ಲ್ಯಾಬ್ ಮೇಲೆ ಹಾಸಿದ ಕಾಂಕ್ರೀಟ್ ಪದರ, ಅಂದರೆ ಸ್ಕ್ರೀಡ್‌ನದೋ ಎಂದು ಅಲ್ಲಲ್ಲಿ ಒಡೆದು ನೋಡಬೇಕು. ಸ್ಕ್ರೀಡೇ ಸ್ಲ್ಯಾಬ್‌ನಿಂದ ಬಿಟ್ಟಿದ್ದರೆ ಮೇಲೆ ಯಾವ ಕೋಟಿಂಗ್ ಹಾಕಿಯೂ ಪ್ರಯೋಜನ ಇಲ್ಲ. ಬಿಟ್ಟ ಸ್ಕ್ರೀಡ್ ತೆಗೆಯಲೇಬೇಕು.

ಇನ್ನೊಂದು ಪರೀಕ್ಷೆಗೆ ದುಡ್ಡೇ ಬೇಡ, ಜನವರಿ ತನಕ ಕಾಯುವ ತಾಳ್ಮೆ ಬೇಕು. ಮಳೆ ನಿಂತು ತಿಂಗಳುಗಳಾದ ಮೇಲೂ ಎಲ್ಲಿ ತೊಟ್ಟಿಕ್ಕುತ್ತಿದೆ ಎಂದು ಬೇಸ್‌ಮೆಂಟ್ ಪ್ಲಾನಿನಲ್ಲಿ ಗುರುತು ಮಾಡಿ. ಒಣ ಕಾಲದಲ್ಲೂ ನಿಲ್ಲದ ಸೋರಿಕೆ ಮಳೆಯದಲ್ಲ. ಗಿಡದ ತೊಟ್ಟಿ, ಸ್ಪ್ರಿಂಕ್ಲರ್ ಲೈನು, ಕಾರು ತೊಳೆಯುವ ನಲ್ಲಿ, ಒಡೆದ ಡ್ರೈನ್ ಪೈಪು, ಇವುಗಳಲ್ಲಿ ಯಾವುದೋ ಒಂದು. ಪೋಡಿಯಂ ಗಾರ್ಡನ್‌ನ ಗಿಡದ ತೊಟ್ಟಿಗಳ ಮೇಲೆ ನನಗೆ ಯಾವಾಗಲೂ ಮೊದಲ ಅನುಮಾನ. ಮಣ್ಣು ದಿನವೂ ಹಸಿಯಾಗಿರುತ್ತದೆ, ಒಳಗಿನ ವಾಟರ್‌ಪ್ರೂಫಿಂಗನ್ನು ಬೇರು ಸೀಳಿರುತ್ತದೆ. ನೀರು ಸ್ಕ್ರೀಡ್ ಕೆಳಗೆ ದೂರ ಹರಿದು ಎಲ್ಲೋ ಇಳಿಯುತ್ತದೆ. ಕೆಳಗೆ ಕಂಡ ಹನಿಯ ನೆತ್ತಿಯ ಮೇಲೇ ತೂತು ಇರಬೇಕೆಂದೇನಿಲ್ಲ. ಅನುಮಾನ ಇರುವ ಕಡೆ ಇಟ್ಟಿಗೆ ಗಾರೆಯಿಂದ ಸಣ್ಣ ಕಟ್ಟೆ ಕಟ್ಟಿ, ನೀರಿಗೆ ಬಣ್ಣ ಬೆರೆಸಿ ನಿಲ್ಲಿಸಿದರೆ ದಾರಿ ಗೊತ್ತಾಗುತ್ತದೆ.

ಕೆಳಗಿನಿಂದ ಬಿರುಕಿನೊಳಗೆ ಪಿಯು ದ್ರವ ತುಂಬುವ ಪಿಯು ಇಂಜೆಕ್ಷನ್ ಮಾಡಿ ನಿಲ್ಲಿಸುತ್ತೇವೆ ಎಂದೂ ಯಾರಾದರೂ ಬರುತ್ತಾರೆ. ಒಳಗೆ ತೂತು ತೂತಾಗಿ ಜೇನುಗೂಡಾದ ಕಾಂಕ್ರೀಟಿಗೆ, ಬೇರೆ ಬೇರೆ ದಿನ ಹಾಕಿದ ಕಾಂಕ್ರೀಟ್ ಸೇರುವ ಕನ್‌ಸ್ಟ್ರಕ್ಷನ್ ಜಾಯಿಂಟ್‌ಗೆ ಅದು ಉಪಯೋಗಕ್ಕೆ ಬರುತ್ತದೆ. ಆದರೆ ಮೇಲಿನ ಪದರ ಸತ್ತಿರುವಾಗ ಇಲ್ಲಿ ಮುಚ್ಚಿದರೆ ನೀರು ಆಚೆ ಕಂಬದ ಹತ್ತಿರ ಇಳಿಯುತ್ತದೆ. ಸ್ಲ್ಯಾಬ್ ಒಳಗೆ ನೀರು ಹಾಗೇ ಕೂತಿರುತ್ತದೆ, ಕಂಬಿಯ ಸುತ್ತ.

ಇಷ್ಟು ಆದಮೇಲೆ ಸ್ಟ್ರಕ್ಚರಲ್ ಎಂಜಿನಿಯರ್ ಒಬ್ಬರನ್ನು ಕರೆಸಿ. ಅವರು ಕಂಟ್ರಾಕ್ಟರ್ ಕಡೆಯವರಾಗಿರಬಾರದು, ಅವರ ಫೀಸನ್ನು ಸಂಘವೇ ಕೊಡಬೇಕು. ಬೇಸ್‌ಮೆಂಟ್ ಸೀಲಿಂಗ್‌ನಲ್ಲಿ ಕಂದು ಕಲೆ, ಉಬ್ಬು, ಸಿಡಿದ ಕಾಂಕ್ರೀಟ್ ಇರುವ ಕಡೆ ಅವರು ಫಿನಾಲ್ಫ್ತಲೀನ್ ಹಚ್ಚಿ ನೋಡುತ್ತಾರೆ. ಹೊಸದಾಗಿ ಒಡೆದ ಕಾಂಕ್ರೀಟ್ ಗುಲಾಬಿ ಬಣ್ಣಕ್ಕೆ ತಿರುಗಿದರೆ ಕ್ಷಾರ ಉಳಿದಿದೆ, ಬಣ್ಣ ಬಾರದಿದ್ದರೆ ರಕ್ಷಣೆ ಹೋಗಿದೆ. ಕಂಬಿ ತುಕ್ಕಾಗಿದ್ದರೆ ಅದರ ಹಿಂಬದಿಯೂ ಕಾಣುವಷ್ಟು ಕಾಂಕ್ರೀಟ್ ಒಡೆದು, ತುಕ್ಕು ತೆಗೆದು, ಪಾಲಿಮರ್ ಗಾರೆಯಿಂದ ಕಟ್ಟಬೇಕು. ತೀರಾ ಸವೆದಿದ್ದರೆ ಹೊಸ ಕಂಬಿ ಸೇರಿಸಬೇಕು. ಎಷ್ಟು ಸವೆದರೆ ಸೇರಿಸಬೇಕು ಎಂಬುದು ಅವರ ತೀರ್ಮಾನ. ಕೋಟಿಂಗ್ ಇದೆಲ್ಲ ಮುಗಿದ ಮೇಲಿನ ಮಾತು.

ಈಗ ನಿಮ್ಮ ಮೂರು ಕೊಟೇಶನ್‌ಗಳು. ಎದ್ದದ್ದನ್ನು ಕೆರೆದು ಮೇಲೆ ಹೊಡೆಯುವುದು ನಿಮ್ಮ ಡೆಕ್‌ಗೆ ಆಗುವುದಿಲ್ಲ. ಹಳೆ ಕೋಟಿಂಗ್ ಮೇಲೆ ಹೊಸದು ಹಾಕುವುದು ತಪ್ಪೇನಲ್ಲ, ಆದರೆ ಹಳೆಯದು ನೆಲವನ್ನು ಬಲವಾಗಿ ಹಿಡಿದಿರಬೇಕು. ಅದನ್ನು ಅಳೆಯಲು ಪುಲ್-ಆಫ್ ಪರೀಕ್ಷೆ ಇದೆ, ಎಎಸ್‌ಟಿಎಂ ಡಿ 7234 ಎಂದು ಕೇಳಿ. 50 ಮಿಲಿಮೀಟರ್ ಅಗಲದ ಲೋಹದ ಬಿಲ್ಲೆಯನ್ನು ಮೇಲ್ಮೈಗೆ ಅಂಟಿಸಿ, ಸುತ್ತ ಕತ್ತರಿಸಿ, ಯಂತ್ರದಿಂದ ಎಳೆಯುತ್ತಾರೆ. ವಾಹನ ಓಡಾಡುವ ಕಡೆ ಹಾಕುವ, ಬಿರುಕಿನ ಮೇಲೂ ಹಿಗ್ಗುವಂಥ ಕೋಟಿಂಗ್‌ಗೆ ಯುರೋಪಿನ ಇಎನ್ 1504-2 ಮಾನದಂಡ ಕೇಳುವ ಸರಾಸರಿ ಹಿಡಿತ ಚದರ ಮಿಲಿಮೀಟರಿಗೆ 1.5 ನ್ಯೂಟನ್. ಅಂದರೆ ಆ ಒಂದು ಬಿಲ್ಲೆ ಸುಮಾರು 300 ಕೆಜಿ ಎಳೆತ ತಡೆಯಬೇಕು. ಹಾಳೆ ಹಾಳೆಯಾಗಿ ಏಳುತ್ತಿರುವ ನಿಮ್ಮ ಡೆಕ್‌ನಲ್ಲಿ ಗಟ್ಟಿಯಾಗಿ ಕಾಣುವ ಭಾಗವೂ ಅದರ ಹತ್ತಿರಕ್ಕೆ ಬರುತ್ತದೆ ಎಂದು ನನಗೆ ಅನಿಸುವುದಿಲ್ಲ. ನಾಲ್ಕಾರು ಕಡೆ ಎಳೆಸಿ ನೋಡಿ, ಕಮಿಟಿಯಲ್ಲಿ ವಾದವೇ ಬೇಕಾಗುವುದಿಲ್ಲ.

ಪಾಲಿಯುರಿಯಾ ಒಳ್ಳೆಯ ಮಾಲು. ಬಿಸಿ ಮಾಡಿ, ಒತ್ತಡದಲ್ಲಿ ಸ್ಪ್ರೇ ಮಾಡುತ್ತಾರೆ, ಸೆಕೆಂಡುಗಳಲ್ಲಿ ಗಟ್ಟಿಯಾಗುತ್ತದೆ. ಅದರ ಗುಣವೇ ಅದರ ಕಷ್ಟ ಕೂಡ. ಅಷ್ಟು ಬೇಗ ಗಟ್ಟಿಯಾಗುವ ಮಾಲಿಗೆ ಕಾಂಕ್ರೀಟಿನೊಳಗೆ ಇಳಿಯಲು ಸಮಯ ಇಲ್ಲ. ಹಾಗಾಗಿ ನೆಲದ ತಯಾರಿಯಲ್ಲಿ, ಪ್ರೈಮರ್‌ನಲ್ಲಿ ಒಂದು ಚೂರು ಕೊರತೆಯಾದರೂ ಪಿಯುಗಿಂತ ದೊಡ್ಡ ಹಾಳೆಯಾಗಿ ಏಳುತ್ತದೆ. ಗಾಳಿಗೆ ಹಾರಿದ ಹನಿ ಅಕ್ಕಪಕ್ಕದ ಕಾರು, ಕಿಟಕಿ, ಗ್ರಿಲ್ ಮೇಲೆ ಕೂತರೆ ಬಿಡುವುದಿಲ್ಲ. ಸ್ಪ್ರೇ ಮಾಡುವವರು ಆ ಮಾಲಿನಲ್ಲಿರುವ ಐಸೊಸೈನೇಟ್ ಎಂಬ ರಾಸಾಯನಿಕದ ಆವಿ ಉಸಿರಾಡಿದರೆ ಅಸ್ತಮಾ ಬರಬಹುದು. ಸರಿಯಾದ ಮಾಸ್ಕ್ ಇಲ್ಲದೆ ಕರವಸ್ತ್ರ ಕಟ್ಟಿಕೊಂಡು ನಿಲ್ಲಿಸುವ ಕಂಟ್ರಾಕ್ಟರ್‌ಗೆ ಯಾವ ಕಾರಣಕ್ಕೂ ಕೆಲಸ ಕೊಡಬೇಡಿ. ಪೂರ್ತಿ ಖಾಲಿ ಮಾಡಬಹುದಾದ ದೊಡ್ಡ ಜಾಗಕ್ಕೆ ಪಾಲಿಯುರಿಯಾ ಹೊಂದುತ್ತದೆ. ಸುತ್ತ ಮನೆಗಳಿರುವ, ಅರ್ಧ ಅರ್ಧ ಮಾಡಬೇಕಾದ ನಿಮ್ಮ ಜಾಗಕ್ಕೆ ಕೈಯಲ್ಲಿ ಹಚ್ಚುವ ಪಿಯು ಸಿಸ್ಟಮ್ಮೇ ನನ್ನ ಆಯ್ಕೆ. ಒಂದು ದಿನಕ್ಕಿಂತ ಜಾಸ್ತಿ ಮುಚ್ಚಲಾಗದ ರ‍್ಯಾಂಪ್‌ ಇದ್ದರೆ ಅಲ್ಲಿಗೆ ಮಾತ್ರ ಪಿಎಂಎಂಎ ಎಂಬ ಇನ್ನೊಂದು ಬಗೆಯ ರೆಸಿನ್ ಕೇಳಿ ನೋಡಿ. ವಾಸನೆ ಜೋರು, ಆದರೆ ಒಂದೆರಡು ಗಂಟೆಯಲ್ಲಿ ಗಟ್ಟಿಯಾಗುತ್ತದೆ. ಟೆರೇಸ್‌ಗೆ ಹೊಡೆಯುವ ಅಕ್ರಿಲಿಕ್ ಕೋಟಿಂಗ್ ಇಲ್ಲಿಗೆ ಬೇಡವೇ ಬೇಡ. ಬರೀ ಎಪಾಕ್ಸಿಯೂ ಬೇಡ, ಅದು ಹಿಗ್ಗುವುದಿಲ್ಲ, ಬಿಸಿಲಿಗೆ ಹಳದಿಯಾಗಿ ಪುಡಿ ಬಿಡುತ್ತದೆ.

ಹಾಗಾದರೆ ಎರಡನೆಯವರಿಗೆ ಕೊಡಬಹುದೇ? ಪೂರ್ತಿ ಕೀಳುತ್ತೇನೆ ಎಂದರಷ್ಟೇ ಸಾಲದು, ಹೇಗೆ ಕೀಳುತ್ತಾರೆ ಎಂದು ಬರೆಸಿಕೊಳ್ಳಿ. ಪಿಯು ರಬ್ಬರಿನಂಥದ್ದು. ಉಕ್ಕಿನ ಸಣ್ಣ ಗುಂಡುಗಳನ್ನು ರಭಸದಿಂದ ನೆಲಕ್ಕೆ ಹೊಡೆದು ಒರಟು ಮಾಡುವುದಕ್ಕೆ ಶಾಟ್ ಬ್ಲಾಸ್ಟಿಂಗ್ ಅನ್ನುತ್ತಾರೆ. ಶಾಟ್ ಬ್ಲಾಸ್ಟಿಂಗ್‌ನ ಉಕ್ಕಿನ ಗುಂಡು ಅದರ ಮೇಲೆ ಬಿದ್ದು ಪುಟಿಯುತ್ತದೆ. ಮೊದಲು ಸ್ಕ್ರೇಪರ್‌ನಿಂದ ಎಬ್ಬಿಸಿ, ಉಳಿದದ್ದನ್ನು ಡೈಮಂಡ್ ಗ್ರೈಂಡರ್‌ನಿಂದ ತೆಗೆದು, ಆಮೇಲೆ ಶಾಟ್ ಬ್ಲಾಸ್ಟ್ ಮಾಡಿದರೆ ಒಳ್ಳೆಯ ಒರಟು ಮೇಲ್ಮೈ ಸಿಗುತ್ತದೆ. ಎಷ್ಟು ಒರಟು ಎನ್ನುವುದಕ್ಕೂ ಅಳತೆ ಇದೆ. ಐಸಿಆರ್‌ಐ ಎಂಬ ಕಾಂಕ್ರೀಟ್ ರಿಪೇರಿಯ ಅಂತರರಾಷ್ಟ್ರೀಯ ಸಂಸ್ಥೆ 1ರಿಂದ 10ರವರೆಗೆ ರಬ್ಬರಿನ ಮಾದರಿ ತುಂಡುಗಳನ್ನು ಮಾಡಿದೆ. ಡೆಕ್ ಕೋಟಿಂಗ್‌ಗೆ ಸಾಮಾನ್ಯವಾಗಿ 3ರಿಂದ 5 ಕೇಳುತ್ತಾರೆ. ಆ ತುಂಡನ್ನು ನೆಲದ ಪಕ್ಕ ಇಟ್ಟು ಮುಟ್ಟಿ ನೋಡಿದರೆ ಸಾಮಾನ್ಯರಿಗೂ ಗೊತ್ತಾಗುತ್ತದೆ. ಆ್ಯಸಿಡ್ ಹಾಕಿ ತೊಳೆಯುತ್ತೇವೆ ಅಂದರೆ ಬೇಡ ಅನ್ನಿ. ನೆಲಕ್ಕೆ ಇನ್ನಷ್ಟು ನೀರು ಕುಡಿಸಿದ ಹಾಗೆ ಅದು. ನಿಮ್ಮ ದುಡ್ಡಿನಲ್ಲಿ ದೊಡ್ಡ ಪಾಲು ಈ ಹಂತಕ್ಕೆ ಹೋದರೆ ಚಿಂತೆ ಬೇಡ. ಕಣ್ಣಿಗೆ ಏನೂ ಕಾಣಿಸದ ಈ ಖರ್ಚನ್ನೇ ಕಮಿಟಿಗಳು ಮೊದಲು ಕತ್ತರಿಸುತ್ತವೆ, ಅಲ್ಲೇ ಕೋಟಿಂಗ್ ಸಾಯುತ್ತದೆ.

ನೆಲ ಬರಿದಾದಾಗ ಇಳಿಜಾರು ನೋಡಿ. ಮಳೆ ಬಂದು ಒಂದು ಗಂಟೆ ಆದಮೇಲೂ ನೀರು ನಿಂತಿರುವ ಜಾಗಗಳನ್ನು ಈಗಲೇ, ಈ ಮಳೆಗಾಲದಲ್ಲೇ, ಫೋಟೋ ತೆಗೆದಿಟ್ಟುಕೊಳ್ಳಿ. 100ಕ್ಕೆ 1ರ ಇಳಿಜಾರಾದರೂ ಬೇಕು. ಇಲ್ಲಿ ಒಂದು ಎಚ್ಚರಿಕೆ. ಇಳಿಜಾರಿಗಾಗಿ ಹಳೆಯದರ ಮೇಲೆ ಹೊಸ ಸ್ಕ್ರೀಡ್ ಸುರಿಯಲು ಎಂಜಿನಿಯರ್ ಒಪ್ಪಿಗೆ ಇಲ್ಲದೆ ಬಿಡಬೇಡಿ. 50 ಮಿಲಿಮೀಟರ್ ಕಾಂಕ್ರೀಟ್ ಚದರ ಮೀಟರಿಗೆ 120 ಕೆಜಿ ತೂಗುತ್ತದೆ. 2.5 ಟನ್ ಒಳಗಿನ ವಾಹನಗಳ ಪಾರ್ಕಿಂಗ್ ನೆಲಕ್ಕೆ ಭಾರತೀಯ ಮಾನದಂಡ ಐಎಸ್ 875ರ ಎರಡನೇ ಭಾಗ ಹಿಡಿಯುವ ಭಾರ ಚದರ ಮೀಟರಿಗೆ 2.5 ಕಿಲೋನ್ಯೂಟನ್, ಅಂದರೆ ಸುಮಾರು 250 ಕೆಜಿ. ಕಾರುಗಳಿಗೆಂದು ಇಟ್ಟ ಶಕ್ತಿಯ ಅರ್ಧದಷ್ಟನ್ನು ಒಂದು ಸ್ಕ್ರೀಡ್ ತಿಂದುಬಿಡುತ್ತದೆ. ತಗ್ಗಿರುವ ಕಡೆ ಮಾತ್ರ ಪಾಲಿಮರ್ ಗಾರೆ ತುಂಬಿ, ಇಲ್ಲವೇ ತಗ್ಗಿನಲ್ಲೇ ಹೊಸ ಡ್ರೈನ್ ಕೊಡಿ. ಹೊಸ ಡ್ರೈನ್‌ಗೆ ಸ್ಲ್ಯಾಬ್ ಕೊರೆಯುವ ಜಾಗವನ್ನೂ ಎಂಜಿನಿಯರೇ ತೋರಿಸಬೇಕು. ಪೋಸ್ಟ್-ಟೆನ್ಶನ್ ಸ್ಲ್ಯಾಬ್ ಆಗಿದ್ದರೆ ಒಳಗೆ ಬಿಗಿದ ಕೇಬಲ್ ಇರುತ್ತದೆ. ಅದನ್ನು ಕತ್ತರಿಸಿದರೆ ಅಪಾಯ.

ಬಿರುಕುಗಳ ವಿಷಯದಲ್ಲಿ ಸ್ವಲ್ಪ ನಿಲ್ಲುತ್ತೇನೆ, ಇಲ್ಲಿ ಬುದ್ಧಿ ಉಪಯೋಗಿಸುವವರು ಕಡಿಮೆ. ಪದರ ಮೂರು ನಾಲ್ಕು ಪಟ್ಟು ಹಿಗ್ಗುತ್ತದೆ ಎಂದು ಬ್ರೋಷರ್‌ನಲ್ಲಿ ಇರುತ್ತದೆ. ಅದು ನಿಜವಾದರೂ ಬಿರುಕಿನ ಮೇಲೆ ಸೀಳುತ್ತದೆ, ಯಾಕೆ? ಪದರ ಎರಡೂ ಅಂಚಿಗೆ ಗಟ್ಟಿಯಾಗಿ ಅಂಟಿದೆ. ಬಿರುಕು ಅರ್ಧ ಮಿಲಿಮೀಟರ್ ಬಾಯಿ ತೆರೆದಾಗ ಹಿಗ್ಗಲು ಸಿಗುವುದು ಆ ಬಿರುಕಿನ ಅಗಲದಷ್ಟೇ ಪದರ. ಕೂದಲಿನಷ್ಟು ಅಗಲ ಅರ್ಧ ಮಿಲಿಮೀಟರ್ ಆಗಬೇಕೆಂದರೆ ಯಾವ ರಬ್ಬರೂ ತಡೆಯದು. ಅದಕ್ಕೆ ಅಲುಗುವ ಬಿರುಕಿನ ಮೇಲೆ ಅಂಟದಂಥ ಟೇಪ್ ಹಾಕಿ, ಅದರ ಮೇಲೆ ಬಟ್ಟೆ ಸೇರಿಸಿದ ಅಗಲವಾದ ಪಟ್ಟಿ ಕೋಟ್ ಮಾಡಬೇಕು. ಆಗ ಅದೇ ಅರ್ಧ ಮಿಲಿಮೀಟರ್ ಟೇಪಿನ ಇಡೀ ಅಗಲಕ್ಕೆ ಹಂಚಿಹೋಗುತ್ತದೆ. ಟ್ರೀಮಿಕ್ಸ್ ಗ್ರೂವ್‌ಗಳನ್ನು ತೊಳೆದು, ಬ್ಯಾಕರ್ ರಾಡ್ (ತಳಕ್ಕೆ ತುರುಕುವ ಫೋಮ್ ಹುರಿ) ಇಟ್ಟು, ಪಿಯು ಸೀಲೆಂಟ್ ತುಂಬಿ, ಅವಕ್ಕೂ ಹೀಗೇ ಮಾಡಬೇಕು. ಕಟ್ಟಡದ ಎಕ್ಸ್‌ಪ್ಯಾನ್ಷನ್ ಜಾಯಿಂಟ್ ಮೇಲೆ ಮಾತ್ರ ಕೋಟಿಂಗ್ ಎಳೆಯಲೇಬಾರದು. ಅದಕ್ಕೆ ಬೇರೆಯೇ ಜಾಯಿಂಟ್ ಸಿಸ್ಟಮ್ ಬೇಕು. ಅದನ್ನು ಕೊಟೇಶನ್‌ನಲ್ಲಿ ಪ್ರತ್ಯೇಕ ಐಟಂ ಆಗಿ ಬರೆಸಿ. ಗೋಡೆ, ಕಂಬ, ಪೈಪ್ ಸುತ್ತ ಮೂಲೆಯನ್ನು ಗಾರೆಯಿಂದ ದುಂಡಗೆ ಮಾಡಿ ಪದರವನ್ನು 150 ಮಿಲಿಮೀಟರ್ ಮೇಲಕ್ಕೆ ಹತ್ತಿಸಬೇಕು.

ತೇವ ಅಳೆಯದೆ ಪ್ರೈಮರ್ ಮುಟ್ಟಬಾರದು. ಎಪಾಕ್ಸಿ ಪ್ರೈಮರ್ ತಯಾರಿಸುವವರು ಸಾಮಾನ್ಯವಾಗಿ ಶೇ. 4ಕ್ಕಿಂತ ಕಡಿಮೆ ತೇವ ಕೇಳುತ್ತಾರೆ. ಮೀಟರ್ ಇಲ್ಲದಿದ್ದರೂ ಒಂದು ಸುಲಭ ಪರೀಕ್ಷೆ ಇದೆ. ಒಂದೂವರೆ ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಕಡೆ ಟೇಪ್ ಹಚ್ಚಿ 16 ಗಂಟೆ ಬಿಡಿ. ಕೆಳಗೆ ಬೆವರು ಕಂಡರೆ ಅಥವಾ ನೆಲ ಕಪ್ಪಾಗಿದ್ದರೆ ಕಾಯಬೇಕು. ಇನ್ನು ಇಬ್ಬನಿ. ನೆಲದ ಉಷ್ಣತೆ ಇಬ್ಬನಿ ಕಟ್ಟುವ ಉಷ್ಣತೆಗಿಂತ ಕನಿಷ್ಠ 3 ಡಿಗ್ರಿ ಮೇಲಿರಬೇಕು. ಜನವರಿ ಬೆಳಿಗ್ಗೆ 16 ಡಿಗ್ರಿ, ಶೇ. 85 ಆರ್ದ್ರತೆ ಇದ್ದರೆ ಇಬ್ಬನಿ ಕಟ್ಟುವುದು 13.5ರಲ್ಲಿ. ರಾತ್ರಿಯೆಲ್ಲ ಆಕಾಶಕ್ಕೆ ತೆರೆದ ಡೆಕ್ ಗಾಳಿಗಿಂತ ತಣ್ಣಗಾಗಿರುತ್ತದೆ. ಕಣ್ಣಿಗೆ ಒಣಗಿದಂತೆ ಕಂಡರೂ ಆ ಹೊತ್ತು ಕೋಟಿಂಗ್‌ಗೆ ಸಲ್ಲದು. ಬಿಸಿಲೇರಿ ಮಧ್ಯಾಹ್ನ ಕಳೆಯುವ ತನಕ ಕಾಯಲು ಹೇಳಿ.

ಪದರಗಳ ಬಗ್ಗೆ ಜಾಸ್ತಿ ಹೇಳಬೇಕಿಲ್ಲ. ಪ್ರೈಮರ್, ಅದರ ಮೇಲೆ ಹಿಗ್ಗುವ ಮೂಲ ಪದರ, ಅದರ ಮೇಲೆ ಕ್ವಾರ್ಟ್ಜ್ ಮರಳು ಎರಚಿದ ಸವೆತದ ಪದರ, ಕೊನೆಗೆ ಬಿಸಿಲು ತಡೆಯುವ ಅಲಿಫ್ಯಾಟಿಕ್ ಟಾಪ್ ಕೋಟ್. ಎಲ್ಲವೂ ಒಂದೇ ಕಂಪನಿಯ ಒಂದೇ ಸಿಸ್ಟಮ್ ಆಗಿರಲಿ. ರ‍್ಯಾಂಪ್‌ನಲ್ಲಿ, ಕಾರು ತಿರುಗುವ ಕಡೆ ಮರಳಿನ ಪದರ ಇನ್ನೊಂದು ಬೇಕು.

ದಪ್ಪದಲ್ಲಿ ಮೋಸ ಆಗದಂತೆ ನೋಡಲು ಬಕೆಟ್ ಎಣಿಸಿ. ಲೆಕ್ಕ ಸುಲಭ. ಪೂರ್ತಿ ಘನಾಂಶ ಇರುವ ಮಾಲು ಚದರ ಮೀಟರಿಗೆ 1 ಲೀಟರ್ ಹಚ್ಚಿದರೆ 1 ಮಿಲಿಮೀಟರ್ ದಪ್ಪ ಬರುತ್ತದೆ. ನಿಮ್ಮ 10,000 ಚದರ ಅಡಿ ಎಂದರೆ 929 ಚದರ ಮೀಟರ್. ಮೂಲ ಪದರ ಒಣಗಿದ ಮೇಲೆ 1.5 ಮಿಲಿಮೀಟರ್ ಇರಬೇಕೆಂದರೆ ಸುಮಾರು 1,400 ಲೀಟರ್ ಬೇಕು. ಮಾಲಿನಲ್ಲಿ ಘನಾಂಶ ಶೇ. 80 ಮಾತ್ರ ಇದ್ದರೆ, ಉಳಿದದ್ದು ಹಾರಿಹೋಗುವುದರಿಂದ, ಸುಮಾರು 1,750 ಲೀಟರ್. ಬಕೆಟ್ ಮೇಲೆ ಕೆಜಿ ಬರೆದಿದ್ದರೆ ಡೇಟಾ ಶೀಟಿನ ಸಾಂದ್ರತೆಯಿಂದ ಭಾಗಿಸಿ. ಸೈಟ್‌ಗೆ ಬಂದ ಬಕೆಟ್‌ಗಳ ಬ್ಯಾಚ್ ನಂಬರ್ ಬರೆದಿಟ್ಟು, ಖಾಲಿ ಬಕೆಟ್‌ಗಳನ್ನು ಕೆಲಸ ಮುಗಿಯುವ ತನಕ ನಿಮ್ಮ ಸ್ಟೋರ್ ರೂಮಿನಲ್ಲೇ ಇಡಿಸಿ. ಹಸಿ ಪದರದ ದಪ್ಪ ಅಳೆಯುವ ಹಲ್ಲಿನ ಗೇಜು ತುಂಬಾ ಅಗ್ಗ. ಒಂದು ತಂದು ಸೂಪರ್‌ವೈಸರ್ ಕೈಗೆ ಕೊಡಿ. ಕೊಟೇಶನ್‌ಗಳನ್ನು ಚದರ ಅಡಿಯ ದರದಲ್ಲಿ ಹೋಲಿಸುವ ಬದಲು ಇಷ್ಟು ಲೀಟರ್, ಇಷ್ಟು ದಪ್ಪಕ್ಕೆ ಎಷ್ಟು ರೂಪಾಯಿ ಎಂದು ಹೋಲಿಸಿದರೆ ಅಗ್ಗದ್ದು ಯಾಕೆ ಅಗ್ಗ ಎಂದು ಕಾಣುತ್ತದೆ.

ಒಪ್ಪಂದದಲ್ಲಿ ಎರಡು ಷರತ್ತು ಇಡಿ. ಮೊದಲು ಒಂದು ಪಾರ್ಕಿಂಗ್ ಜಾಗದಷ್ಟು ಅಳತೆಗೆ ಪೂರ್ತಿ ಸಿಸ್ಟಮ್ ಮಾಡಿ ತೋರಿಸಬೇಕು. ಅದು ಗಟ್ಟಿಯಾದ ಮೇಲೆ ಪುಲ್-ಆಫ್ ಮಾಡಿ 1.5 ಬಂದರೆ ಮಾತ್ರ ಮುಂದಿನ ಕೆಲಸ. ಎಳೆದಾಗ ಒಡೆಯುವುದು ಕಾಂಕ್ರೀಟಿನೊಳಗೆ ಆಗಿದ್ದರೆ ಇನ್ನೂ ಒಳ್ಳೆಯದು, ಅಂಟಿನ ಗೆರೆಯಲ್ಲಿ ಬಿಟ್ಟರೆ ಸಂಖ್ಯೆ ಬಂದಿದ್ದರೂ ಅನುಮಾನ ಪಡಿ. ಎರಡನೆಯದು, ಗ್ಯಾರಂಟಿ ಪತ್ರಕ್ಕೆ ಕಂಪನಿಯೂ ಕಂಟ್ರಾಕ್ಟರೂ ಇಬ್ಬರೂ ಸಹಿ ಹಾಕಬೇಕು, ಮಾಲಿನ ಜೊತೆ ಕೂಲಿಯೂ ಅದರಲ್ಲಿ ಸೇರಿರಬೇಕು. ಬಿರುಕು, ತೇವ, ನಿಂತ ನೀರು ಇವೆಲ್ಲವನ್ನೂ ಹೊರಗಿಟ್ಟ ಹತ್ತು ವರ್ಷದ ಗ್ಯಾರಂಟಿಯಿಂದ ನಿಮಗೆ ಏನೂ ಸಿಗುವುದಿಲ್ಲ. ಹಳೆ ಕಂಟ್ರಾಕ್ಟರ್ ಕೊಟ್ಟ ಪತ್ರವನ್ನೂ ತೆಗೆದು ಓದಿ. ಅವಧಿ ಉಳಿದಿದ್ದರೆ, ಕೀಳುವ ಮೊದಲೇ ಫೋಟೋ ಮತ್ತು ಪರೀಕ್ಷೆಯ ವರದಿ ಜೊತೆ ಲಿಖಿತ ನೋಟಿಸ್ ಕೊಡಿ. ಕಿತ್ತ ಮೇಲೆ ಸಾಕ್ಷಿ ಉಳಿಯುವುದಿಲ್ಲ. ಬಿಲ್ಡರ್ ಮೇಲೆ ರೇರಾ ಕಾಯ್ದೆಯ 14ನೇ ಸೆಕ್ಷನ್ ಕೊಡುವ ಐದು ವರ್ಷದ ಹಕ್ಕು ಮನೆ ಕೈಗೆ ಬಂದ ದಿನದಿಂದ ಲೆಕ್ಕ. ನಿಮಗದು ಮುಗಿದಿದೆ. ಈ ಉತ್ತರ ಓದುವ ಹೊಸ ಅಪಾರ್ಟ್‌ಮೆಂಟಿನವರು ಅದನ್ನು ಬಿಟ್ಟುಕೊಡಬೇಡಿ.

ಜನವರಿ ತನಕ ಏನು ಮಾಡುವುದು ಎಂದು ಕೇಳುತ್ತೀರಿ. ಡ್ರೈನ್ ಬಾಯಿಗಳನ್ನು ವಾರಕ್ಕೊಮ್ಮೆ ತೆರವು ಮಾಡಿಸಿ. ತೊಟ್ಟಿಕ್ಕುವ ಕಡೆ ಸೀಲಿಂಗ್‌ಗೆ ತಗಡಿನ ದೋಣಿ ಕಟ್ಟಿ ನೀರನ್ನು ಪೈಪಿಗೆ ಬಿಡಿ. ಲೈಟ್, ವೈರಿಂಗ್, ಚಾರ್ಜಿಂಗ್ ಪಾಯಿಂಟ್ ಹತ್ತಿರ ಸೋರುತ್ತಿದ್ದರೆ ಇಂದೇ ಎಲೆಕ್ಟ್ರಿಷಿಯನ್ ಕರೆಸಿ ಆ ಲೈನ್ ಆಫ್ ಮಾಡಿಸಿ. ಎದ್ದ ಹಾಳೆಗಳ ಅಂಚನ್ನು ಕತ್ತರಿಸಿ ತೆಗೆಸಿ, ಮಳೆಯಲ್ಲಿ ಬೈಕಿನವರು ಜಾರುತ್ತಾರೆ. ಕಂಬ ಮತ್ತು ಸ್ಲ್ಯಾಬ್ ಸೇರುವ ಕಡೆ ಕಾಂಕ್ರೀಟ್ ಉಬ್ಬಿದ್ದರೆ, ಕಂಬಿ ಹೊರಗೆ ಕಂಡರೆ, ಬಿರುಕು ದಿನದಿಂದ ದಿನಕ್ಕೆ ಅಗಲವಾಗುತ್ತಿದ್ದರೆ, ಕಮಿಟಿ ಸಭೆಗೆ ಕಾಯಬೇಡಿ. ಅದರ ಕೆಳಗೂ ಮೇಲೂ ಪಾರ್ಕಿಂಗ್ ನಿಲ್ಲಿಸಿ, ಆವತ್ತೇ ಸ್ಟ್ರಕ್ಚರಲ್ ಎಂಜಿನಿಯರ್‌ಗೆ ಫೋನ್ ಮಾಡಿ.